ಬಾಗಿಲಲ್ಲಿ ನಿಂತ ನಲವತ್ನಾಲ್ಕು ವರ್ಷ

“ಹೆಸರಿಲ್ದೇ ಹೇಳಿದ್ರೆ ಅದು ಯಾರ ಕತೆ ಆಗತ್ತೆ ಓಜೆಲ್ಲಾ? ತಲೆ ಇಲ್ಲದ ಟೋಪಿ ಆಗತ್ತೆ, ಅಷ್ಟೆ,” ಎಂದು ಪಿಸುಗುಟ್ಟಿದಳು ಅರ್ನೆಸ್ಟೀನ್, ಒಲೆಯ ಮೇಲೆ ಕಾಯುತ್ತಿದ್ದ ಕಬ್ಬಿಣದ ಬಾಚಣಿಗೆಯನ್ನೆತ್ತಿ ಒಂದು ಕಾಗದಕ್ಕೆ ಒತ್ತಿ ಕಾವು ನೋಡುತ್ತ. “ಕಿವಿ ಹಿಡ್ಕೊ.”

ಓಜೆಲ್ಲಾ ಪ್ಯೂರಿಫಾಯ್ ಬಲಗಿವಿಯನ್ನು ಮಡಿಸಿ ಹಿಡಿದುಕೊಂಡಳು. ಅರವತ್ತೆಂಟು ವರ್ಷದಲ್ಲಿ ಈ ಕಿವಿಯನ್ನು ಎಷ್ಟು ಸಾವಿರ ಸಲ ಮಡಿಸಿದ್ದಾಳೋ ಲೆಕ್ಕವಿಲ್ಲ. ಆದರೂ ಆ ಬಾಚಣಿಗೆ ಹತ್ತಿರ ಬಂದರೆ ಆರು ವರ್ಷದ ಹುಡುಗಿಯಂತೆ ಕಣ್ಣು ಬಿಗಿಯಾಗಿ ಮುಚ್ಚುತ್ತಾಳೆ.

“ತಲೆ ನಂದು ತಾನೆ? ಯಾವಾಗ ತೋರಿಸ್ಬೇಕು, ಯಾವಾಗ ಬೇಡ ಅಂತ ನಂಗೊತ್ತು,” ಎಂದಳು ಕಣ್ಣು ಮುಚ್ಚಿಕೊಂಡೇ.

ಕೋಲ್ಸ್ ಬೆಂಡ್ ಊರಿನ ಹೆಂಗಸರಿಗೆ ತಾಯಂದಿರ ದಿನದ ಹಿಂದಿನ ಶನಿವಾರವೆಂದರೆ, ಗುಂಗುರು ಕೂದಲನ್ನು ಕಾದ ಬಾಚಣಿಗೆಯಿಂದ ನೆಟ್ಟಗೆ ಮಾಡುವ ಅರ್ನೆಸ್ಟೀನಳ ಅಂಗಡಿ. ಮರುದಿನ ಚರ್ಚಿಗೆ ಹೋಗುವ ತಲೆಗಳೆಲ್ಲ ಬೆಳಗಿನಿಂದ ಅಲ್ಲಿ ಸಾಲುಗಟ್ಟಿರುತ್ತವೆ. ಮಿಸಿಸಿಪ್ಪಿಯ ಮೇ ತಿಂಗಳ ಸೆಕೆ, ಕೂದಲೆಣ್ಣೆಯ ವಾಸನೆ, ಯಾರೋ ಮನೆಯಿಂದ ಕಟ್ಟಿ ತಂದ ಕರಿದ ಮೀನಿನ ವಾಸನೆ, ಎಲ್ಲದರ ಮೇಲೆ ಮಾತು. ಆ ಮಾತಿಗೊಂದು ಕಟ್ಟಳೆ ಉಂಟು. ಕುರ್ಚಿಯಲ್ಲಿ ಯಾರು ಕೂತಿದ್ದಾರೋ ಮಾತು ಅವರದು. ಮಿಕ್ಕವರು ಹೂಂಗುಟ್ಟಬಹುದು, ನಗಬಹುದು, ‘ಆಮೇಲೆ?’ ಎನ್ನಬಹುದು, ನಡುವೆ ಬಾಯಿ ಹಾಕುವಂತಿಲ್ಲ. ಕುರ್ಚಿಯಲ್ಲಿ ಆಡಿದ ಮಾತು ಆಡಿದವಳ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವಂತೆಯೂ ಇಲ್ಲ. ಅರ್ನೆಸ್ಟೀನ್ ಒಬ್ಬಳಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ, ಏಕೆಂದರೆ ಕಾದ ಬಾಚಣಿಗೆ ಅವಳ ಕೈಯಲ್ಲಿರುತ್ತದೆ.

ಈ ಕಟ್ಟಳೆಯನ್ನು ನೋಡಿಯೇ ಓಜೆಲ್ಲಾಳ ತಂಗಿಯ ಮಗಳು ಡೆನೀಟ್ರಿಯಾ ಎರಡು ವರ್ಷದ ಹಿಂದೆ ತನ್ನ ಕೆಲಸವನ್ನು ಇಲ್ಲಿಗೆ ತಂದದ್ದು. ಅವಳು ಜಾಕ್ಸನ್ ನಗರದಲ್ಲಿ ನರ್ಸು. ಸಭೆ ಕರೆದರೆ ಯಾರೂ ಬರುವುದಿಲ್ಲ, ತಲೆ ಬಾಚಿಸಿಕೊಳ್ಳಲು ಎಲ್ಲರೂ ಬರುತ್ತಾರೆ ಎಂಬುದು ಅವಳು ಕಂಡುಕೊಂಡ ಸತ್ಯ. ಶನಿವಾರ ಶನಿವಾರ ಬಂದು, ಗೋಡೆ ಬದಿಯ ಬೆಂಚಿನ ಮೇಲೆ ಕೂತು, ಒಂದೇ ಪ್ರಶ್ನೆ ಕೇಳುತ್ತಿದ್ದಳು: ಆಸ್ಪತ್ರೆಯಲ್ಲಿ ನಿಮ್ಮನ್ನ ಏನು ಮಾಡಿದ್ರು? ಒಬ್ಬಳ ಮಗಳು ಹೆರಿಗೆಗೆಂದು ಅರವತ್ತು ಮೈಲಿ ಹೋಗುವಾಗ ದಾರಿಯಲ್ಲೇ ತೀರಿಕೊಂಡಿದ್ದಳು. ಇನ್ನೊಬ್ಬಳಿಗೆ ಹತ್ತೊಂಬತ್ತು ತುಂಬುವ ಮೊದಲೇ, ‘ಆಪರೇಷನ್ ಮಾಡಿಸ್ಕೊಳ್ಳದಿದ್ರೆ ರೇಷನ್ ನಿಲ್ಲತ್ತೆ’ ಎಂದು ಹೆದರಿಸಿದ್ದರು. ಹೀಗೆ ಇಪ್ಪತ್ತಮೂರು ಕತೆಗಳು ಕೂಡಿದ್ದವು. ಬರುವ ಗುರುವಾರ ಇವರೆಲ್ಲ ಒಂದು ವ್ಯಾನು ಮಾಡಿಕೊಂಡು ಜಾಕ್ಸನ್ನಿಗೆ ಹೋಗಿ, ಶಾಸಕರೆದುರು ಕೂತು, ತಮ್ಮ ಬಾಯಿಂದ ಹೇಳುವವರಿದ್ದರು.

“ಮೂರೇ ಮಾತು,” ಎಂದು ಡೆನೀಟ್ರಿಯಾ ಈಗಲೂ, ಕುರ್ಚಿಯಲ್ಲಿದ್ದ ದೊಡ್ಡಮ್ಮನ ಅಪ್ಪಣೆ ಕೇಳಿಕೊಂಡು, ಬೆಂಚಿನ ಮೇಲಿಂದ ಬೆರಳು ಮಡಿಸಿದಳು, ಹೊಸದಾಗಿ ಬಂದಿದ್ದ ಒಬ್ಬ ಹುಡುಗಿಗೆ ಅರ್ಥ ಮಾಡಿಸುತ್ತ. “ಹೆರ್ಬೇಕು ಅಂದ್ರೆ ಹೆರೋ ಹಕ್ಕು. ಬೇಡ ಅಂದ್ರೆ ಬೇಡ ಅನ್ನೋ ಹಕ್ಕು. ಹೆತ್ತಿದ್ದನ್ನ ಹೆದರಿಕೆ ಇಲ್ದೇ ಸಾಕೋ ಹಕ್ಕು.”

“ನಾಲ್ಕನೇದು ಬಿಟ್ಟೆ ನೋಡು,” ಎಂದಳು ಅರ್ನೆಸ್ಟೀನ್. “ಶನಿವಾರ ಪೂರ್ತಿ ನಿಂತು ಕಾಲು ಊದಿಸ್ಕೊಂಡೋಳಿಗೆ ಸೋಮವಾರ ಮಲಗೋ ಹಕ್ಕು.”

ಎಲ್ಲರೂ ನಕ್ಕರು. ಓಜೆಲ್ಲಾಳೂ ನಕ್ಕಳು, ಕಿವಿ ಬಿಡದೆ.

ಇಪ್ಪತ್ತನಾಲ್ಕನೆಯ ಕತೆ ಅವಳದು. ಹದಿನೇಳನೆಯ ವಯಸ್ಸಿನಲ್ಲಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ, ಅವಳನ್ನು ಕೇಳದೆ, ಇನ್ನೆಂದೂ ಮಕ್ಕಳಾಗದಂತೆ ಮಾಡಿ ಕಳಿಸಿದ್ದರು. ಅದು ಗೊತ್ತಿದ್ದದ್ದು ಸತ್ತುಹೋದ ಗಂಡ ಲೋಂಜೊಗೆ, ತಂಗಿಗೆ, ಡೆನೀಟ್ರಿಯಾಗೆ, ಹೋದ ತಿಂಗಳಿಂದ ಅರ್ನೆಸ್ಟೀನಳಿಗೆ. ನಾಳೆ ಚರ್ಚಿನಲ್ಲಿ ಐದು ನಿಮಿಷ ಮಾತಾಡಲು ಪಾಸ್ಟರ್ ಗ್ಯಾಡಿಸ್ ಡೆನೀಟ್ರಿಯಾಗೆ ಅವಕಾಶ ಕೊಟ್ಟಿದ್ದರು. ಅಲ್ಲಿ ಈ ಕತೆಯನ್ನು ಓದು ಎಂದು ಓಜೆಲ್ಲಾಳೇ ಹೇಳಿದ್ದಳು, ಆದರೆ ಹೆಸರು ಮಾತ್ರ ಬೇಡ. ‘ನಮ್ಮ ಊರಿನ ಒಬ್ಬ ಸೋದರಿ’ ಎಂದರೆ ಸಾಕು.

“ಹೆಸರು ಬರಲ್ಲ ದೊಡ್ಡಮ್ಮ. ಮಾತು ಕೊಟ್ಟಿದೀನಿ,” ಎಂದಳು ಡೆನೀಟ್ರಿಯಾ, ಎದ್ದು ಬಂದು ಅವಳ ಕಿವಿಯ ಬಳಿ ಬಗ್ಗಿ. “ಆದ್ರೆ ಗುರುವಾರಕ್ಕೆ ವ್ಯಾನಲ್ಲಿ ನಿಮಗೊಂದು ಸೀಟು ಖಾಲಿ ಇಟ್ಟಿದೀನಿ.”

“ಅದರ ಮೇಲೆ ನಿನ್ನ ಚೀಲ ಇಟ್ಕೊ.”

“ಇನ್ನೊಂದು ಕಿವಿ,” ಎಂದಳು ಅರ್ನೆಸ್ಟೀನ್.

ಅಂಗಡಿಯಲ್ಲಿ ಯಾರಿಗೂ ಹೇಳದ ಮಾತೊಂದು ಓಜೆಲ್ಲಾಳ ಹೊಟ್ಟೆಯಲ್ಲಿ ಉಳಿದಿತ್ತು. ಬೆತ್ಸೈದಾ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ತಾಯಂದಿರ ದಿನದಂದು ಒಂದು ಪದ್ಧತಿ. ತಾಯಿ ಬದುಕಿರುವವರು ಕೆಂಪು ಹೂ ಮುಡಿದುಕೊಂಡು ಬರುತ್ತಾರೆ, ತಾಯಿ ಹೋದವರು ಬಿಳಿ ಹೂ. ಹಾಡು ಮುಗಿದ ಮೇಲೆ ಪಾಸ್ಟರು, “ತಾಯಂದಿರೆಲ್ಲ ಎದ್ದು ನಿಲ್ಲಿ” ಎನ್ನುತ್ತಾರೆ. ರೇಷ್ಮೆಯ ಸದ್ದಿನೊಂದಿಗೆ ಟೋಪಿಗಳ ತೋಟವೇ ಮೇಲೇಳುತ್ತದೆ. ಓಜೆಲ್ಲಾಳಿಗೆ ಇಪ್ಪತ್ತನಾಲ್ಕಾಗಿದ್ದ ವರ್ಷ ಆ ತೋಟದ ನಡುವೆ ಅವಳೊಬ್ಬಳೇ ಕೂತಿದ್ದಳು. ಪಕ್ಕದ ಮುದುಕಿ ಅವಳ ಭುಜ ತಟ್ಟಿ, “ದೇವರು ಕೆಲವರ ಬಸಿರು ಮುಚ್ತಾನೆ ಮಗಳೇ, ಅವನಿಚ್ಛೆ” ಎಂದಿದ್ದಳು. ಅದರ ಮರುತಿಂಗಳೇ ಓಜೆಲ್ಲಾ ಬಾಗಿಲ ಸೇವೆಗೆ ಹೆಸರು ಕೊಟ್ಟಳು.

ಬಾಗಿಲ ಸೇವೆಯೆಂದರೆ ಬಿಳಿ ಉಡುಪು, ಬಿಳಿ ಕೈಗವಸು, ಎದೆಯ ಮೇಲೊಂದು ಬಿಲ್ಲೆ. ಬಂದವರನ್ನು ತುಟಿ ಬಿಚ್ಚದೆ ಕೈಸನ್ನೆಯಲ್ಲೇ ಕೂರಿಸಬೇಕು. ಎಡಗೈ ಬೆನ್ನ ಹಿಂದೆ, ಬಲಗೈ ಮಾತಾಡಬೇಕು. ಅಂಗೈ ಮೇಲಾಗಿ ಚಾಚಿದರೆ ‘ಬನ್ನಿ’. ಅಂಗೈ ಹೊರಮಾಡಿ ಎದೆಯೆತ್ತರಕ್ಕೆ ಹಿಡಿದರೆ ‘ಇದ್ದಲ್ಲೇ ಇರಿ’. ಆ ಕೈ ಕಂಡರೆ ಪ್ರಾರ್ಥನೆಯ ಹೊತ್ತಿನಲ್ಲಿ ಊರ ಪೊಲೀಸ್ ಅಧಿಕಾರಿ ಶೆರೀಫ್ ಬಂದರೂ ಹೊಸ್ತಿಲಾಚೆ ನಿಲ್ಲಬೇಕು. ಬಾಗಿಲ ಸೇವೆಯವರು ಆರಾಧನೆ ಮುಗಿಯುವವರೆಗೆ ಕೂರುವಂತಿಲ್ಲ. ಓಜೆಲ್ಲಾಳಿಗೆ ಬೇಕಿದ್ದದ್ದು ಅದೇ. ಯಾವಾಗಲೂ ನಿಂತೇ ಇರುವವಳನ್ನು ‘ನೀನೇಕೆ ಏಳಲಿಲ್ಲ’ ಎಂದು ಯಾರು ಕೇಳುತ್ತಾರೆ?

ನಲವತ್ನಾಲ್ಕು ತಾಯಂದಿರ ದಿನಗಳು ಹೀಗೆ ದಾಟಿದ್ದವು. ದೊಡ್ಡ ಬಾಗಿಲಲ್ಲಿ ಅವಳು. ಪಕ್ಕದ ಬಾಗಿಲಲ್ಲಿ ಮೂವತ್ತೊಂಬತ್ತು ವರ್ಷದಿಂದ ವರ್ಲೀನ್ ಟಾಲಿವರ್ ಎಂಬ ಗಂಟುಮೋರೆಯ ಹೆಂಗಸು. ಇಬ್ಬರ ನಡುವೆ ಲಕ್ಷ ಸನ್ನೆಗಳು ಓಡಾಡಿದ್ದವು; ಮನೆ ಮಾತು ಒಂದೂ ಇಲ್ಲ.

ಭಾನುವಾರ ಬೆಳಿಗ್ಗೆ ಓಜೆಲ್ಲಾ ಬಿಳಿ ಉಡುಪಿಗೆ ಬಿಳಿ ಹೂ ಸಿಕ್ಕಿಸಿಕೊಂಡು ಚರ್ಚಿನ ಮೆಟ್ಟಿಲು ಹತ್ತಿದಾಗ ಟಮಾರಾ ಎದುರಿಗೇ ನಿಂತಿದ್ದಳು. ಟಮಾರಾ ಈ ವರ್ಷವಷ್ಟೇ ಬಾಗಿಲ ಸೇವೆಯ ಮುಖ್ಯಸ್ಥೆಯಾದವಳು, ಇಪ್ಪತ್ತೊಂಬತ್ತರ ಹುಡುಗಿ, ಬೆಣ್ಣೆಯಂಥ ಮನಸ್ಸು. ಅವಳು ಓಜೆಲ್ಲಾಳ ತೋಳು ಹಿಡಿದು ಒಳಗೆ ಕರೆದೊಯ್ದು ಮೊಟ್ಟಮೊದಲ ಬೆಂಚನ್ನು ತೋರಿಸಿದಳು. ಅದರ ತುದಿಗೆ ಬಿಳಿ ರಿಬ್ಬನ್ ಕಟ್ಟಿತ್ತು. ಅಗಲವಾದ ದಿಂಬು ಬೇರೆ.

“ಏನಿದು?”

“ನಿಮ್ಮ ಜಾಗ ಮಿಸ್ ಓಜೆಲ್ಲಾ! ನಲವತ್ನಾಲ್ಕು ವರ್ಷ ನಿಂತಿದೀರ. ಇವತ್ತು ಕೂತ್ಕೊಳ್ಳಿ. ಯಾರಿಗೂ ಹೇಳ್ದೇ ಗುಟ್ಟಾಗಿ ಮಾಡಿದೀವಿ. ದಿಂಬು ನಮ್ಮಮ್ಮ ಹೊಲಿದಿದ್ದು.”

ಓಜೆಲ್ಲಾ ಒಂದು ಹೆಜ್ಜೆ ಹಿಂದೆ ಸರಿದಳು. “ಬೇಡ ಮಗಳೇ. ನನಗೆ ಕೂತ್ರೆ ಸೊಂಟ ಹಿಡ್ಯತ್ತೆ.”

“ಅದಕ್ಕೇ ದಿಂಬು!”

“ದೊಡ್ಡ ಬಾಗಿಲು ಯಾರು ನೋಡ್ಕೋತಾರೆ?”

“ವರ್ಲೀನ್ ಎರಡೂ ನೋಡ್ಕೋತಾರಂತೆ. ಮುಂದಿನ ವರ್ಷ ಅವರನ್ನೂ ಕೂರಿಸ್ತೀವಿ.”

ಪಕ್ಕದ ಬಾಗಿಲಿನಿಂದ ವರ್ಲೀನ್ ಇತ್ತಲೇ ನೋಡುತ್ತಿದ್ದಳು. ‘ಕೂರು’ ಎಂಬ ಸನ್ನೆಯನ್ನು ಅವಳು ಮಾಡಲಿಲ್ಲ. ಆ ಹೊತ್ತಿಗೆ ಅದು ಓಜೆಲ್ಲಾಳಿಗೆ ಹೊಳೆಯಲಿಲ್ಲ. ಪ್ರೀತಿಯಿಂದ ಕೊಟ್ಟ ದಿಂಬನ್ನು ಯಾವ ಬಾಯಿಂದ ಬೇಡವೆನ್ನುವುದು? ಅವಳು ಕೂತಳು. ಬೆನ್ನ ಹಿಂದೆ ಕಟ್ಟಿ ಅಭ್ಯಾಸವಾದ ಎಡಗೈಯನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

ಹಾಡು ಮುಗಿಯಿತು. ಪಾಸ್ಟರ್ ಗ್ಯಾಡಿಸ್ ಹಣೆಯೊರೆಸಿಕೊಂಡು ತೋಳು ಚಾಚಿದರು. “ತಾಯಂದಿರೆಲ್ಲ ಎದ್ದು ನಿಲ್ಲಿ!”

ಬಲಕ್ಕೆ, ಎಡಕ್ಕೆ, ಹಿಂದೆ ರೇಷ್ಮೆ ಸರಭರ ಎಂದಿತು. ಮೊದಲ ಬೆಂಚಿನಲ್ಲಿ ರಿಬ್ಬನ್ ಕಟ್ಟಿದ ಜಾಗದಲ್ಲಿ, ಇಡೀ ಚರ್ಚಿನ ಕಣ್ಣೆದುರು, ಓಜೆಲ್ಲಾ ಕೂತೇ ಇದ್ದಳು. ಪಾಸ್ಟರು ಒಳ್ಳೆಯವರೇ. ಅವಳ ಮುಖ ನೋಡಿ ಅವರಿಗೆ ಮರುಕ ಬಂತು. ಹಿಂದಿನ ಪಾಸ್ಟರಿಂದ ಬಳುವಳಿಯಾಗಿ ಬಂದ ಮಾತನ್ನೇ ದನಿ ತಗ್ಗಿಸಿ ಆಡಿದರು: “ತನ್ನ ಗೂಢವಾದ ಇಚ್ಛೆಯಿಂದ ದೇವರು ಯಾರ ಗರ್ಭವನ್ನು ಮುಚ್ಚಿದ್ದಾನೋ, ಅವರಿಗೂ ಸಮಾಧಾನ ಸಿಗಲಿ.”

“ಆಮೆನ್,” ಎಂದಿತು ಚರ್ಚು.

ತಾಯಂದಿರು ಕೂತರು. ಕೆಂಪು ಹೂ ಮುಡಿದ ಡೆನೀಟ್ರಿಯಾ ಕೈಯಲ್ಲಿ ಕಾಗದ ಹಿಡಿದು ಮೈಕಿನ ಮುಂದೆ ಬಂದಳು. ದೊಡ್ಡಮ್ಮ ಮುಂದಿನ ಬೆಂಚಿನಲ್ಲಿ ಕೂತಿರುವುದು ಕಂಡು ಅವಳ ದನಿ ಒಂದು ಗಳಿಗೆ ತಡವರಿಸಿತು.

“ನಮ್ಮ ಊರಿನ ಒಬ್ಬ ಸೋದರಿ,” ಎಂದು ಓದತೊಡಗಿದಳು. “ಆಗ ಆಕೆಗೆ ಹದಿನೇಳು ವರ್ಷ...”

ಓಜೆಲ್ಲಾಳ ಬಲಗೈ ಮೇಲೆದ್ದಿತು. ಎದೆಯೆತ್ತರ, ಬಿಳಿ ಕೈಗವಸು, ಅಂಗೈ ಹೊರಗೆ. ಇದ್ದಲ್ಲೇ ಇರಿ.

ಬೆತ್ಸೈದಾ ಚರ್ಚಿನಲ್ಲಿ ಹುಟ್ಟಿದ ಮಗುವಿಗೂ ಆ ಕೈ ಗೊತ್ತು. ಡೆನೀಟ್ರಿಯಾ ಅರ್ಧ ಮಾತಿನಲ್ಲಿ ನಿಂತಳು. ಬೀಸಣಿಗೆಗಳು ನಿಂತವು. ಆರ್ಗನ್ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದವನೂ ಕೈ ತೆಗೆದ. ಓಜೆಲ್ಲಾ ಎದ್ದಳು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದಳು, ಜನರ ಕಡೆ ತಿರುಗಿದಳು. ಈ ತಲೆಗಳನ್ನು ಅವಳು ಹಿಂದಿನಿಂದ ನೋಡಿದ್ದೇ ಹೆಚ್ಚು. ಎದುರಿನಿಂದ ನೋಡಿದರೆ ಎಷ್ಟೊಂದು ಕಣ್ಣು!

“ದೇವರಿಗೆ, ಪಾಸ್ಟರಿಗೆ, ಹಿರಿಯರಿಗೆ, ನಿಮಗೆಲ್ಲ ನಮಸ್ಕಾರ. ನಲವತ್ನಾಲ್ಕು ವರ್ಷ ಈ ಬಾಯಿ ಮುಚ್ಕೊಂಡು ಸೇವೆ ಮಾಡಿದೀನಿ. ಇವತ್ತು ಸ್ವಲ್ಪ ಸಾಲ ತೀರಿಸ್ತೀನಿ.”

ಹಿಂದೆಲ್ಲೋ ಒಬ್ಬರು ನಕ್ಕರು. “ಹೇಳಿ ಸಿಸ್ಟರ್,” ಎಂದಿತೊಂದು ದನಿ.

“ಆ ಹದಿನೇಳರ ಹುಡುಗಿ ನಾನು. ನಾನು, ಓಜೆಲ್ಲಾ.”

ಚರ್ಚು ಉಸಿರೆಳೆದುಕೊಂಡಿತು.

“ಹತ್ತಿ ಬಿಡಿಸೋ ಕಾಲ. ಹೊಟ್ಟೆನೋವು ಬಂತು. ಅಮ್ಮ ನನ್ನ ಕರ್ಕೊಂಡು ಆಸ್ಪತ್ರೆ ಹಿಂಬಾಗಿಲಿಗೆ ಹೋದ್ಲು. ಮುಂಬಾಗಿಲು ಬಿಳಿಯರದ್ದು, ನಮಗಿರಲಿಲ್ಲ, ನಿಮಗೆ ಗೊತ್ತು.”

“ಗೊತ್ತು ಗೊತ್ತು.”

“ಅಮ್ಮನ ಕೈಗೊಂದು ಕಾಗದ ಕೊಟ್ರು. ಮಗಳ ಹೊಟ್ಟೆ ಸರಿ ಮಾಡ್ತೀವಿ, ಇಲ್ಲಿ ಒಂದು ಗೀಟು ಹಾಕು ಅಂದ್ರು. ಅಮ್ಮನಿಗೆ ಓದಕ್ಕೆ ಬರ್ತಿರಲಿಲ್ಲ. ಹಾಕಿದ್ಲು. ನನಗೆ ಎಚ್ಚರ ಆದಾಗ ಹೊಟ್ಟೆ ಮೇಲೆ ಹೊಲಿಗೆ ಇತ್ತು. ನೋವು ಹೋಗಿತ್ತು. ನಾವಿಬ್ರೂ ಆ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ ಬಂದ್ವಿ.”

ಇಲ್ಲಿ ಅವಳು ಮಾತು ನಿಲ್ಲಿಸಿ ಎದೆಯ ಮೇಲಿನ ಬಿಳಿ ಹೂವನ್ನು ಸರಿಮಾಡಿಕೊಂಡಳು. “ನಿಧಾನಕ್ಕೆ ಸಿಸ್ಟರ್, ನಿಧಾನಕ್ಕೆ,” ಎಂದವು ನಾಲ್ಕಾರು ದನಿಗಳು. ಅರ್ನೆಸ್ಟೀನ್ ಮೂರನೆಯ ಸಾಲಿನಿಂದ, “ಕುರ್ಚಿ ನಿಂದೇ ಓಜೆಲ್ಲಾ, ಅವಸರ ಇಲ್ಲ,” ಎಂದಳು.

“ಏಳು ವರ್ಷ ಆದ್ಮೇಲೆ ಮೆಂಫಿಸ್ಸಲ್ಲಿ ಇನ್ನೊಬ್ಬ ಡಾಕ್ಟರು ನೋಡಿ ಹೇಳಿದ್ರು, ನಿಮಗೆ ಮಕ್ಕಳಾಗಲ್ಲ, ಯಾರೋ ಕತ್ತರಿಸಿದಾರೆ ಅಂತ. ಲೋಂಜೊ ಊರಿಗೆ ಬರೋ ತನಕ ಒಂದು ಕೈಯಲ್ಲಿ ಗಾಡಿ ಓಡಿಸ್ದ, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡ್ಕೊಂಡಿದ್ದ. ಅಮ್ಮ ಮಾತ್ರ ಸಾಯೋವರೆಗೂ ಆ ಗೀಟು ಹಾಕಿದ ಬೆರಳು ನೋಡ್ಕೊಂಡು ಅಳ್ತಿದ್ಲು. ನಾನು ಅವಳಿಗೆ ಆಗ ಹೇಳಿದ್ದನ್ನೇ ಇವತ್ತು ಗಟ್ಟಿಯಾಗಿ ಹೇಳ್ತೀನಿ. ಅಮ್ಮಾ, ಅದು ನಿನ್ನ ತಪ್ಪಲ್ಲ.”

“ಅಲ್ಲ! ಅಲ್ಲ!”

“ಇನ್ನೊಂದು ಮಾತು.” ಅವಳು ಪಾಸ್ಟರ ಕಡೆ ತಿರುಗಿದಳು. “ವರ್ಷ ವರ್ಷ ಈ ದಿನ ದೇವರು ಗರ್ಭ ಮುಚ್ಚಿದ ಅಂತೀರಿ. ಪಾಸ್ಟರ್, ನಾನು ನಲವತ್ನಾಲ್ಕು ವರ್ಷ ಆತನ ಬಾಗಿಲು ಕಾದವಳು. ಆತನ ಕೈ ಎಂಥದು ಅಂತ ನನಗೆ ಗೊತ್ತು. ಇದು ಆತ ಮಾಡಿದ ಕೆಲಸ ಅಲ್ಲ. ಬಿಳಿ ಕೋಟು ಹಾಕಿದ ಮನುಷ್ಯ ಮಾಡಿದ್ದು. ಕಪ್ಪು ಹುಡುಗಿಯ ಗರ್ಭ ಅಂದ್ರೆ ಕೇಳೋರಿಲ್ಲ ಅಂತ ಮಾಡಿದ್ದು. ದೇವರ ಮೇಲೆ ಅಪವಾದ ಹೊರಿಸ್ಬೇಡಿ.”

ಚರ್ಚಿಗೆ ಚರ್ಚೇ ಎದ್ದುಬಿಟ್ಟಿತು, ತಾಯಂದಿರು, ತಾಯಂದಿರಲ್ಲದವರು, ಗಂಡಸರು, ಕೆಂಪು ಹೂ, ಬಿಳಿ ಹೂ. ಟಮಾರಾ ದಿಂಬನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಓಜೆಲ್ಲಾಳ ಬೆನ್ನು, ಆ ನಲವತ್ನಾಲ್ಕು ವರ್ಷದ ಬೆನ್ನು, ಕೋಲಿನಂತೆ ನೆಟ್ಟಗಿತ್ತು. ಬಾಗಿಲಲ್ಲಿ ಬಚ್ಚಿಟ್ಟುಕೊಳ್ಳಲು ಕಲಿತ ನಿಲುವು ಇದೇ ಅಲ್ಲವೇ ಎಂದುಕೊಂಡಳು. ಇವತ್ತು ಅದು ಬೇರೆ ಕೆಲಸಕ್ಕೆ ಬಂತು.

ಆಗ ಆ ಚರ್ಚಿನಲ್ಲಿ ಯಾರೂ ಕಂಡಿರದ ಸಂಗತಿ ನಡೆಯಿತು. ವರ್ಲೀನ್ ಟಾಲಿವರ್ ತನ್ನ ಬಾಗಿಲು ಬಿಟ್ಟಳು. ಆರಾಧನೆಯ ನಡುವೆ ಬಾಗಿಲು ಬಿಡುವುದೆಂದರೆ ಸೈನಿಕ ಕಾವಲು ಬಿಟ್ಟಂತೆ. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡು, ಅದೇ ಗಂಟುಮೋರೆಯಲ್ಲಿ, ನಡುದಾರಿಯುದ್ದಕ್ಕೂ ಒಂದೊಂದೇ ಹೆಜ್ಜೆಯಿಡುತ್ತ ಬಂದು ಓಜೆಲ್ಲಾಳ ಪಕ್ಕದಲ್ಲಿ ಜನರ ಕಡೆ ಮುಖ ಮಾಡಿ ನಿಂತಳು.

“ನಂಗೆ ಇಪ್ಪತ್ತೊಂದು,” ಎಂದಳು ತುಟಿ ಅಲ್ಲಾಡಿಸದೆ, ಓಜೆಲ್ಲಾಳಿಗಷ್ಟೇ ಕೇಳುವಂತೆ. “ಮೊದಲನೇ ಮಗು ಉಳೀಲಿಲ್ಲ. ಅದೇ ಹೆರಿಗೆಯಲ್ಲಿ ಮಾಡಿಬಿಟ್ರು.”

ಓಜೆಲ್ಲಾ ತಿರುಗಿ ನೋಡಿದಳು. “ಅದಕ್ಕೇನಾ ಬಾಗಿಲು?”

“ಮತ್ತೆ? ಪ್ರತಿ ಭಾನುವಾರ ಕಾಲು ನೋಯಿಸ್ಕೊಳ್ಳೋಕೆ ನನಗೇನು ಹುಚ್ಚಾ?”

“ಮೂವತ್ತೊಂಬತ್ತು ವರ್ಷ ಎದುರುಬದುರು ನಿಂತ್ವಲ್ಲೇ ವರ್ಲೀನ್! ನಾನೊಬ್ಬಳೇ ಅಂದ್ಕೊಂಡಿದ್ದೆ.”

“ನಾನೂ ಅಷ್ಟೆ. ಅದಕ್ಕೊಂದು ಸನ್ನೆ ಇರಲಿಲ್ಲ ನೋಡು.”

ಪಾಸ್ಟರ್ ಗ್ಯಾಡಿಸ್ ವೇದಿಕೆಯಿಂದ ಇಳಿದು ಬಂದಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. “ಸಿಸ್ಟರ್ ಪ್ಯೂರಿಫಾಯ್, ದೇವರ ಪರವಾಗಿ ನಾನು ನಿಮ್ಮಲ್ಲಿ ಕ್ಷಮೆ...”

“ದೇವರ ಪರವಾಗಿ ಬೇಡ ಪಾಸ್ಟರ್. ಆತ ಏನೂ ತಪ್ಪು ಮಾಡಿಲ್ಲ ಅಂತ ಈಗ ತಾನೆ ಹೇಳಿದ್ನಲ್ಲ. ನಿಮ್ಮ ಪರವಾಗಿ ಕೇಳಿ, ಸಾಕು.”

ಮುಂದಿನ ಸಾಲುಗಳು ನಕ್ಕವು. ಪಾಸ್ಟರೂ ಅಳು ನಗು ಎರಡನ್ನೂ ಸೇರಿಸಿಕೊಂಡು ಕ್ಷಮೆ ಕೇಳಿದರು. ಅವಳು ತಲೆಯಾಡಿಸಿ ಒಪ್ಪಿದಳು. ಡೆನೀಟ್ರಿಯಾ ಕಾಗದ ಹಿಡಿದು ಇನ್ನೂ ಮೈಕಿನ ಬಳಿಯೇ ನಿಂತಿದ್ದಳು, ಆ ಬಿಳಿ ಕೈ ಹೇಳಿದಲ್ಲೇ.

“ದೊಡ್ಡಮ್ಮ, ಇದರ ಮೇಲೆ ಹೆಸರು ಬರೀಲಾ?”

“ಬರಿ. ಪೂರ್ತಿ ಬರಿ. ಓಜೆಲ್ಲಾ ಮೇ ಪ್ಯೂರಿಫಾಯ್. ನಡುವಿನ ಮೇ ಬಿಡ್ಬೇಡ, ಅದು ನಮ್ಮಮ್ಮನ ಹೆಸರು. ಮತ್ತೆ ಗುರುವಾರದ ವ್ಯಾನಲ್ಲಿ ಆ ಸೀಟಿನ ಮೇಲಿಂದ ನಿನ್ನ ಚೀಲ ತೆಗಿ.”

“ಎರಡು ಸೀಟು,” ಎಂದಳು ವರ್ಲೀನ್. “ಕಿಟಕಿ ಪಕ್ಕದ್ದು ನಂದು.”

“ನೋಡೋಣ,” ಎಂದಳು ಓಜೆಲ್ಲಾ.

ಅಷ್ಟರಲ್ಲಿ ದೊಡ್ಡ ಬಾಗಿಲು ಮೆಲ್ಲನೆ ಕಿರ್ರೆಂದಿತು. ಹುಟ್ಟಿದಾರಭ್ಯ ಯಾವ ಆರಾಧನೆಗೂ ಹೊತ್ತಿಗೆ ಸರಿಯಾಗಿ ಬಾರದ ಥರ್ಮನ್, ಟೋಪಿಯನ್ನು ಎದೆಗೊತ್ತಿಕೊಂಡು ತಲೆ ಮಾತ್ರ ಒಳಗೆ ತೂರಿಸಿದ. ಬಾಗಿಲಲ್ಲಿ ಯಾರೂ ಇಲ್ಲದೆ, ಬಿಳಿ ಕೈಗವಸಿನ ಅಪ್ಪಣೆಗೆಂದು ಹೊರಗೆ ಬಿಸಿಲಲ್ಲಿ ಅರ್ಧ ಗಂಟೆಯಿಂದ ಕಾದಿದ್ದನೋ ಏನೋ, ಅಂಗಿ ಬೆವರಿಗೆ ಅಂಟಿಹೋಗಿತ್ತು. ಇಡೀ ಚರ್ಚು ಎದ್ದು ನಿಂತಿರುವುದು ಕಂಡು ಅವನು ಗಾಬರಿಯಾಗಿ ಹೊಸ್ತಿಲ ಮೇಲೇ ನಿಂತ. ಓಜೆಲ್ಲಾಳೂ ವರ್ಲೀನಳೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರ ಬಲಗೈಗಳೂ ಒಟ್ಟಿಗೇ ಮುಂದೆ ಚಾಚಿಕೊಂಡವು, ಅಂಗೈ ಮೇಲಾಗಿ. ಥರ್ಮನ್ ತುದಿಗಾಲಲ್ಲಿ ಒಳಗೆ ಬಂದ.